‘ಸಣ್ಣ ಅಣು’ ಸರಿಯೇ? ‘ಸಿಗ್ನಲ್’ಗೆ ‘ಸನ್ನೆ’ ಆದೀತೇ?

ಗೆಳೆಯರೇ, ನಮಸ್ಕಾರ.

ಪುಣೆಯ ನಮ್ಮ ಕನ್ನಡ ಬಳಗದ ಪತ್ರಿಕೆಗೆ ಕೊಬ್ಬಿನ ಕೋಶಗಳ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಪೆನ್ನು ನಿಂತಿದೆ.

‘ಸ್ಮಾಲ್ ಮಾಲಿಕ್ಯೂಲ್’ಗೆ ‘ಸಣ್ಣ ಅಣು’ ಅಂತ ಬರೆದಿದ್ದೆ. ಪಕ್ಕದ ಮನೆಯ ಹುಡುಗಿಗೆ ಓದಲು ಕೊಟ್ಟೆ. ಅವಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. “ಆಂಟಿ, ಅಣು ಅಂದ್ರೆ ಆಟಮ್ ಅಲ್ವಾ?” ಅಂದಳು. ಅವಳು ಹೇಳಿದ್ದು ಸರಿಯೇ. ಮರಾಠಿ ಪಠ್ಯದಲ್ಲಿ ಆಟಮ್‌ಗೆ ಅಣು, ಮಾಲಿಕ್ಯೂಲ್‌ಗೆ ರೇಣು. ನಮ್ಮಲ್ಲಿ ಆಟಮ್ ಪರಮಾಣು, ಮಾಲಿಕ್ಯೂಲ್ ಅಣು. ಆದರೆ ಅಣುಬಾಂಬ್, ಕೈಗಾ ಅಣುಸ್ಥಾವರ ಅನ್ನುವಾಗ ನಾವೂ ಅಣುವನ್ನು ಪರಮಾಣು ಮಾಡಿಬಿಡುತ್ತೇವೆ. ‘ರೇಣು’ ತರೋಣ ಅಂದರೆ ಕನ್ನಡದ ಕಿವಿಗೆ ಅದು ದೂಳು, ಹೂವಿನ ಪರಾಗ.

‘ಸಣ್ಣ’ ಕೂಡ ತೊಡಕೇ. ಯಾವುದರ ಮುಂದೆ ಸಣ್ಣ? ಲ್ಯಾಬಿನಲ್ಲಿ ನಾನು ದಿನಾ ನೋಡುವುದನ್ನೇ ಹೇಳುತ್ತೇನೆ. ಮುಂದೆ ಕೊಬ್ಬಿನ ಕೋಶಗಳಾಗಬಲ್ಲ, ಲ್ಯಾಬಿನಲ್ಲಿ ಬೆಳೆಸುವ ಇಲಿಯ 3ಟಿ3-ಎಲ್1 ಕೋಶಗಳು ಮೊದಲು ಉದ್ದುದ್ದ, ಚಪ್ಪಟೆ. ಅವು ಬೆಳೆದು ತಟ್ಟೆ ತುಂಬಿದ ಮೇಲೆ, ಕೊಬ್ಬಿನ ಕೋಶಗಳಾಗಲೆಂದು ಡೆಕ್ಸಾಮೆಥಾಸೋನ್, ಐಬಿಎಂಎಕ್ಸ್, ಇನ್ಸುಲಿನ್ ಎಂಬ ಮೂರು ವಸ್ತುಗಳನ್ನು ಹಾಕುತ್ತೇವೆ. ಎಂಟು-ಹತ್ತು ದಿನದಲ್ಲಿ ಕೋಶಗಳು ಗುಂಡಗಾಗುತ್ತವೆ. ಕೊಬ್ಬಿಗೆ ಹಿಡಿಯುವ ಆಯಿಲ್ ರೆಡ್ ಓ ಬಣ್ಣ ಹಾಕಿದರೆ ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲಿದ ಹಾಗೆ ಒಳಗೆಲ್ಲ ಕೆಂಪು ಹನಿ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಆ ಮೂರರಲ್ಲಿ ‘ಸಣ್ಣವು’ ಎರಡೇ. ಅಣುವಿನ ತೂಕದ ಅಳತೆಯಾದ ಡಾಲ್ಟನ್‌ನಲ್ಲಿ ಹೇಳುವುದಾದರೆ ಡೆಕ್ಸಾಮೆಥಾಸೋನ್ 392, ಐಬಿಎಂಎಕ್ಸ್ 222. ಇನ್ಸುಲಿನ್ ಪ್ರೋಟೀನು, ಸುಮಾರು 5,800. ಅದು ಕೋಶದ ಬಾಗಿಲಲ್ಲೇ ನಿಂತು ಸುದ್ದಿ ಮುಟ್ಟಿಸುತ್ತದೆ. ಸಣ್ಣವು ಪೊರೆ ದಾಟಿ ಒಳಗೇ ಹೋಗುತ್ತವೆ. ಸಕ್ಕರೆ ಕಾಯಿಲೆಯ ಮಾತ್ರೆ ಪಿಯೋಗ್ಲಿಟಾಜೋನ್ ಕೂಡ ಹೀಗೇ ಒಳಹೊಕ್ಕು ಪಿಪಿಎಆರ್-ಗಾಮಾ ಎಂಬ ಪ್ರೋಟೀನಿಗೆ ಅಂಟಿಕೊಂಡು, ಕೊಬ್ಬಿನ ಕೋಶವಾಗಲು ಬೇಕಾದ ಜೀನ್‌ಗಳನ್ನು ಎಬ್ಬಿಸುತ್ತದೆ. ಹಾಗಾಗಿ ‘ಸ್ಮಾಲ್ ಮಾಲಿಕ್ಯೂಲ್’ ಅನ್ನುವುದು ಸುಮ್ನೆ ಗಾತ್ರದ ಮಾತಲ್ಲ, ಒಂದು ಬಗೆಯ ವಸ್ತುವಿನ ಹೆಸರು. ‘ಕಿರುವಣು’ ಅಂತ ಒಂದೇ ಪದ ಮಾಡಿದರೆ ಹೇಗೆ? ‘ಕಿರು ಅಣು’ ಎಂದು ಬಿಡಿಸಿಯೇ ಬರೆಯಬೇಕೇ?

ಇನ್ನು ಸಿಗ್ನಲ್, ಅಂದರೆ ಕೋಶಕ್ಕೆ ಮುಟ್ಟುವ ಸುದ್ದಿ. ‘ಸಂಕೇತ’ ಅಂದರೆ ಪಠ್ಯ ಓದಿದವರಿಗೆ ಮೊದಲು ನೆನಪಾಗುವುದು ಧಾತುಗಳ ಸಂಕೇತ. ನನಗೆ ‘ಸನ್ನೆ’ ಇಷ್ಟ. ಕಣ್ಸನ್ನೆ, ಕೈಸನ್ನೆ ಅನ್ನುತ್ತೇವಲ್ಲ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಅರಿತು ನಡೆಯುವುದು. ಕೋಶದಲ್ಲಿ ಆಗುವುದೂ ಅದೇ. ಐಬಿಎಂಎಕ್ಸ್ ತಾನಾಗಿ ಯಾವ ಸುದ್ದಿಯನ್ನೂ ತರುವುದಿಲ್ಲ. ಸೈಕ್ಲಿಕ್ ಎಎಂಪಿ ಎಂಬ ಒಳಗಿನ ಸುದ್ದಿಗಾರನನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ‘ಸನ್ನೆ ಜಾಸ್ತಿ ಹೊತ್ತು ಉಳಿಯುತ್ತದೆ’ ಅಂದರೆ ಯಾರಿಗಾದರೂ ತಿಳಿಯುತ್ತದೆ. ‘ಸಂಕೇತ ಉಳಿಯುತ್ತದೆ’ ಅಂದರೆ ಅಷ್ಟು ತಿಳಿಯಲ್ಲ.

ಒಂದರಿಂದ ಒಂದಕ್ಕೆ ದಾಟುವ ಸನ್ನೆಗಳಿಗೆ ‘ಸನ್ನೆಸಾಲು’ ಅಂತ ಬರೆದಿಟ್ಟಿದ್ದೇನೆ. ಧಾರವಾಡ, ಕಾರವಾರದ ಕಡೆ ಇದಕ್ಕಿಂತ ಒಳ್ಳೆಯ ಮಾತು ಇದ್ದರೆ ದಯವಿಟ್ಟು ತಿಳಿಸಿ.