"6 ಗಂಟೆಗೊಂದು" ಅಂದ್ರೆ ಏನರ್ಥ? ಡೋಸ್‌ಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ,

ಒಂದೇ ಒಂದು ಪದ ಕೇಳೋಣ ಅಂತ ಕೂತಿದ್ದು, ಬರೀತಾ ಬರೀತಾ ನಾಲ್ಕಾಯ್ತು, ಸಹಿಸ್ಕೊಳಿ.

ನಮ್ಮೂರಲ್ಲಿ (ಹಾಸನದ ಕಡೆ) ವಯಸ್ಸಾದವರಿಗೆ ಹಂಚೋಕೆ ಅಂತ ಪ್ಯಾರಾಸಿಟಮಾಲ್ ಬಗ್ಗೆ ಒಂದು ಪುಟದ ಚೀಟಿ ಮಾಡ್ತಿದೀನಿ, ಅದೇ ಕ್ರೋಸಿನ್, ಡೋಲೋ, ಕ್ಯಾಲ್ಪಾಲ್ ಅಂತ ಬರುತ್ತಲ್ಲ ಅದು. ಮೊದಲನೇ ಕರಡಲ್ಲಿ "650ರ ಮಾತ್ರೆ 6 ಗಂಟೆಗೊಂದು" (650 ಮಿ.ಗ್ರಾಂದು) ಅಂತ ಬರ್ದು ದೊಡ್ಡಮ್ಮನ ಕೈಗೆ ಕೊಟ್ಟೆ. ಓದಿ "ಬೆಳಿಗ್ಗೆ ಆರಕ್ಕಾ, ಸಂಜೆ ಆರಕ್ಕಾ?" ಅಂದ್ರು. ನಗು ಬಂತು, ಆಮೇಲೆ ಯೋಚ್ನೆ ಮಾಡಿದ್ರೆ ಅವರು ಓದಿದ್ದೇ ಸರಿ, "6 ಗಂಟೆಗೆ ಬಸ್ಸು" ಅಂದ್ರೆ ಆರು ಹೊಡೆದಾಗ ಬಸ್ಸು ತಾನೆ, ಮಾತ್ರೆಗೆ ಮಾತ್ರ ಬೇರೆ ವ್ಯಾಕರಣ ಎಲ್ಲಿಂದ ಬರ್ಬೇಕು.

ಸರಿ, "ದಿನಕ್ಕೆ ಮೂರು ಹೊತ್ತು" ಅಂತ ಹಾಕೋಣ ಅಂದ್ರೆ ನಮ್ಮಲ್ಲಿ ಹೊತ್ತು ಅಂದ್ರೆ ಊಟದ ಹೊತ್ತು. ತಿಂಡಿ ಹತ್ತಕ್ಕೆ, ಊಟ ಒಂದಕ್ಕೆ ಆಯ್ತು ಅಂದ್ಕೊಳಿ, ಎರಡು ಮಾತ್ರೆ ಮಧ್ಯೆ ಮೂರೇ ಗಂಟೆ, ಕಮ್ಮಿ ಅಂದ್ರೂ ನಾಲ್ಕು ಗಂಟೆ ಅಂತರ ಇರ್ಲೇಬೇಕು. ಈಗ ಹೀಗೆ ಬರ್ದಿದೀನಿ: "ಒಂದು ನುಂಗಿ ಆರು ಗಂಟೆ ಕಳೆದ ಮೇಲೆ, ಜ್ವರ ನೋವು ಇನ್ನೂ ಇದ್ರೆ ಮಾತ್ರ ಇನ್ನೊಂದು, ಹಗಲು ರಾತ್ರಿ ಸೇರಿ ನಾಲ್ಕು ಮೀರಬಾರದು." ಉದ್ದ ಆಯ್ತು, ಆದ್ರೆ ತಪ್ಪು ಓದೋಕಾಗಲ್ಲ ಅನ್ಸುತ್ತೆ. (ಗಟ್ಟಿಮುಟ್ಟಾದ ದೊಡ್ಡವರಿಗೆ ಸಾಮಾನ್ಯವಾಗಿ ಹೇಳೋ ಗರಿಷ್ಠ ಮಿತಿ 24 ಗಂಟೆಗೆ 4 ಗ್ರಾಂ, ಈ ನಾಲ್ಕು ಮಾತ್ರೆ 2600 ಮಿ.ಗ್ರಾಂ ಆಗುತ್ತೆ. ಲಿವರ್ ತೊಂದ್ರೆ ಇರೋರು, ದಿನಾ ಕುಡಿಯೋರು, ತೀರಾ ಸಣಕಲು ಇರೋರು ಡಾಕ್ಟ್ರನ್ನ ಕೇಳಿಯೇ ತಗೋಬೇಕು ಅಂತ ಬೇರೆ ಸಾಲು ಇದೆ.)

ಇದಕ್ಕಿಂತ ನನಗೆ ತಲೆ ತಿಂದಿದ್ದು ಮಾತ್ರೆಗಳಿಗೆ ನಾವಿಡೋ ಹೆಸರು. ಜ್ವರದ್ದು, ನೆಗಡಿದು, ಸೊಂಟನೋವಿಂದು ಅಂತ ಕಾಯಿಲೆ ಹಿಡಿದೇ ಕರೀತೀವಿ. ದೊಡ್ಡಮ್ಮನ ಡಬ್ಬಿಲಿ ಮೂರೂ ಇತ್ತು, ತಿರುಗಿಸಿ ಓದಿದ್ರೆ ಮೂರರಲ್ಲೂ ಪ್ಯಾರಾಸಿಟಮಾಲ್! ನೆಗಡಿದ್ರಲ್ಲಿ ಬೇರೆ ಔಷಧಿ ಜೊತೆ, ಸೊಂಟದ್ದರಲ್ಲಿ ಅಸೆಕ್ಲೋಫೆನಾಕ್ ಅನ್ನೋ ಇನ್ನೊಂದು ನೋವಿನ ಔಷಧಿ ಜೊತೆ. "ಅದು ಬೇರೆ ಇದು ಬೇರೆ ಕಣೋ" ಅಂತಾರೆ, ಹೆಸರು ಬೇರೆ ಅಂದ್ಮೇಲೆ ಹಾಗನ್ನಿಸೋದು ಸಹಜ, ಆದ್ರೆ ಮೂರೂ ನುಂಗಿದ್ರೆ ಒಂದೇ ಔಷಧಿ ಮೂರು ಸಲ ಹೊಟ್ಟೆಗೆ ಹೋದಂಗೆ. ಅಮೆರಿಕದಿಂದ ಮೊಮ್ಮಗ ತಂದ ಟೈಲೆನಾಲ್ ಇನ್ನೊಂದು ಕಥೆ, ಅದರ ಮೇಲೆ ಅಸೆಟಮಿನೋಫೆನ್ ಅಂತಿರುತ್ತೆ, ವಸ್ತು ಅದೇ, ಪ್ಯಾರಾ-ಅಸಿಟೈಲ್-ಅಮೈನೋ-ಫೀನಾಲ್ ಅನ್ನೋ ಉದ್ದ ಹೆಸರನ್ನ ಇಲ್ಲೊಂಥರ ಅಲ್ಲೊಂಥರ ಕತ್ತರಿಸಿದಾರೆ ಅಷ್ಟೆ.

ಈಗ ಅಸಲು ಪ್ರಶ್ನೆ. ಡೋಸ್‌ಗೆ ಏನಂತ ಬರೀಲಿ? "ಪ್ರಮಾಣ" ಸರ್ಕಾರಿ ಸುತ್ತೋಲೆ ಥರ ಇದೆ. "ಡೋಸ್" ಅಂತಲೇ ಬಿಡೋಣ ಅಂದ್ರೆ ನಮ್ಮೂರಲ್ಲಿ ಡೋಸ್ ಕೊಡೋದು ಅಂದ್ರೆ ಬೈಯೋದು. ತಮಾಷೆ ಏನಂದ್ರೆ "ಮಾತ್ರೆ" ಪದದ ಮೂಲ ಅರ್ಥವೇ ಅಳತೆ, ಛಂದಸ್ಸಲ್ಲಿ ಲಘುಗೆ ಒಂದು ಮಾತ್ರೆ, ಗುರುಗೆ ಎರಡು ಅಂತ ಲೆಕ್ಕ ಹಾಕ್ತೀವಲ್ಲ ಅದೇ, ಆಯುರ್ವೇದದಲ್ಲೂ ಮಾತ್ರಾ ಅಂದ್ರೆ ಎಷ್ಟು ಕೊಡ್ಬೇಕು ಅನ್ನೋ ಅಳತೆ. ಅಳತೆಯ ಹೆಸರು ಗುಳಿಗೆಗೆ ಅಂಟಿಕೊಂಡು ಅಳತೆಗೇ ಹೆಸರಿಲ್ಲದ ಹಾಗಾಯ್ತು. ಓವರ್‌ಡೋಸ್‌ಗೆ "ಅತಿಮಾತ್ರೆ" ಅಂದ್ರೆ ದೊಡ್ಡ ಸೈಜಿನ ಮಾತ್ರೆ ಅಂದ್ಕೊಂಡ್ರೆ ಏನ್ಮಾಡೋದು?

ಚೀಟಿಲಿ ಓವರ್‌ಡೋಸ್ ಬಗ್ಗೆ ಇರೋ ಸಾಲೇ ಎಲ್ಲಕ್ಕಿಂತ ಮುಖ್ಯ ಕೂಡ, ಯಾಕಂದ್ರೆ ಜಾಸ್ತಿ ನುಂಗಿದ್ರೆ ಮೊದಲ ದಿನ ಅಷ್ಟೇನೂ ಗೊತ್ತಾಗದೆ ಇರ್ಬೋದು, ಲಿವರ್‌ಗೆ ಬಿದ್ದ ಏಟು ಆಮೇಲೆ ಕಾಣೋದು, ಪ್ರತಿಮದ್ದು ಅಸಿಟೈಲ್‌ಸಿಸ್ಟೀನ್ 8 ಗಂಟೆ ಒಳಗೆ ಸಿಕ್ರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ. ಸದ್ಯಕ್ಕೆ "ಲೆಕ್ಕ ತಪ್ಪಿ ಜಾಸ್ತಿ ನುಂಗಿದ್ರೆ, ಮೈಗೆ ಏನೂ ಆಗಿಲ್ಲ ಅನ್ನಿಸಿದ್ರೂ ತಕ್ಷಣ ಆಸ್ಪತ್ರೆಗೆ ಹೋಗಿ" ಅಂತ ಬರ್ದಿದೀನಿ.

ಮಕ್ಕಳ ಸಿರಪ್ ಈ ಚೀಟಿಲಿ ಬೇಡ ಅಂತ ಬಿಟ್ಟೆ, 5 ಎಂ.ಎಲ್.ಗೆ 120 ಮಿ.ಗ್ರಾಂ ಇರೋದೂ ಇದೆ 250 ಇರೋದೂ ಇದೆ, ಮಗುವಿನ ತೂಕ ಬೇರೆ ನೋಡ್ಬೇಕು, ಅಲ್ಲಿ "ಒಂದು ಚಮಚ" ಅನ್ನೋ ಮಾತೇ ಅಪಾಯ.

ಧಾರವಾಡ, ಕಲಬುರಗಿ ಕಡೆಯವರು ಗುಳಿಗಿ ಅಂತೀರಲ್ಲ, ಹಾಗಿದ್ರೆ ನಿಮ್ಮಲ್ಲಿ "ಮಾತ್ರೆ" ಅಳತೆ ಅನ್ನೋ ಅರ್ಥದಲ್ಲಿ ಇನ್ನೂ ಎಲ್ಲಾದ್ರೂ ಬಳಕೆಲಿದೆಯಾ?