ಅಪ್‌ಡೇಟ್: ಶಾಂಘೈ ಸೂಪರ್‌ಮಾರ್ಕೆಟ್ಟಿನ ಸಿಹಿಗಳನ್ನು ತಿಂದು ನೋಡಿದೆ

ಶಾಂಘೈಗೆ ಹೊಸದಾಗಿ ಬಂದಿರುವ ಸಸ್ಯಾಹಾರಿಯಾದ ನಾನು ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಯಾವ ಸಿಹಿಗಳನ್ನು ತಿನ್ನಬಹುದೆಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಮೊದಲು ಕೊಂಡದ್ದು ನೀವು ಸೂಚಿಸಿದ್ದ 'ಲ್ಯೂ ದೋ ಗಾವ್', ಅಂದರೆ ಹೆಸರುಕಾಳಿನ ಸಿಹಿ. ಸಿಪ್ಪೆ ತೆಗೆದ ಹೆಸರನ್ನು ಬೇಯಿಸಿ, ಅರೆದು, ಸಕ್ಕರೆ ಮತ್ತು ಎಣ್ಣೆ ಬೆರೆಸಿ ಅಚ್ಚಿನಲ್ಲಿ ಒತ್ತುವ ಈ ತಿನಿಸನ್ನು ಇಲ್ಲಿಯವರು ಡ್ರ್ಯಾಗನ್ ದೋಣಿ ಹಬ್ಬದ ಸಮಯದಲ್ಲಿ ವಿಶೇಷವಾಗಿ ತಿನ್ನುತ್ತಾರೆ. ಬಾಯಿಗಿಟ್ಟ ಕೂಡಲೇ ಪುಡಿಯಾಗಿ ಕರಗುವ ಅದರ ಪರಿಮಳ, ಅಮ್ಮ ಹೆಸರಿಟ್ಟಿನ ಉಂಡೆಗೆ ಕಾಳು ಹುರಿಯುತ್ತಿದ್ದ ಅಡುಗೆಮನೆಯನ್ನು ನೆನಪಿಸಿ ನನ್ನ ಕಣ್ಣು ತೇವಗೊಳಿಸಿತು. ಸಿಹಿ ಮಾತ್ರ ನಮ್ಮದಕ್ಕಿಂತ ಬಹಳ ಕಡಿಮೆ. ನನಗೆ ಅದೇ ಹೆಚ್ಚು ಹಿಡಿಸಿತು.

'ಶಾನ್ ಜಾ' ಎಂಬ ಕೆಂಪು ಹಣ್ಣಿನ ತಿರುಳನ್ನು ತೆಳ್ಳಗೆ ಹರಡಿ ಒಣಗಿಸಿ ಸುರುಳಿ ಸುತ್ತಿದ 'ಗ್ವೋ ದಾನ್ ಪೀ' ಹುಳಿಸಿಹಿಯಾಗಿದ್ದು, ಮಾವಿನ ಹಣ್ಣಿನ ಹಪ್ಪಳ ಬಲ್ಲವರಿಗೆ ಅಪರಿಚಿತವೆನಿಸದು. 1959ರಿಂದ ಈ ಊರಿನಲ್ಲಿಯೇ ತಯಾರಾಗುತ್ತಿರುವ 'ವೈಟ್ ರ್‍ಯಾಬಿಟ್' ಹಾಲಿನ ಮಿಠಾಯಿಯ ಪೊಟ್ಟಣದ ಮೇಲೆ ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಅಂಟು ಪದಾರ್ಥ) ಎಂದಿದ್ದುದರಿಂದ ಅದನ್ನು ಬಿಟ್ಟೆ. ಕರಿದ ಹಿಟ್ಟಿನ ಎಳೆಗಳನ್ನು ಸಕ್ಕರೆ ಪಾಕದಲ್ಲಿ ಅಂಟಿಸಿ ಮಾಡುವ 'ಸಾಚಿಮಾ'ದಲ್ಲಿ ಮೊಟ್ಟೆಯಿತ್ತು.

ಮೊಬೈಲಿನ ಕ್ಯಾಮೆರಾದಿಂದ ಪದಾರ್ಥಗಳ ಪಟ್ಟಿಯನ್ನು ಅನುವಾದಿಸಿ ಓದಿರೆಂಬ ನಿಮ್ಮ ಸಲಹೆ ನಿಜಕ್ಕೂ ನನ್ನನ್ನು ಉಳಿಸಿತು. ಬೇಳೆಯ ಹೂರಣವಷ್ಟೇ ಇದೆಯೆಂದು ನಾನು ಭಾವಿಸಿದ್ದ ಪದರಪದರವಾದ ಸುಝೋ ನಗರದ ಶೈಲಿಯ ಚಂದ್ರ ಕೇಕಿನಲ್ಲಿ (ಶರತ್ಕಾಲದ ಹಬ್ಬಕ್ಕೆ ಮಾಡುವ, ಹೂರಣ ತುಂಬಿದ ದುಂಡನೆಯ ತಿನಿಸು) 'ಜೂ ಯೋ', ಅಂದರೆ ಹಂದಿಯ ಕೊಬ್ಬು, ಇರುವುದು ಹಾಗೆಯೇ ತಿಳಿಯಿತು. ಮುಂದಿನ ವಾರ ಕರಿ ಎಳ್ಳಿನ ಚಿಕ್ಕಿಯನ್ನು ತರುವವಳಿದ್ದೇನೆ.