ಟ್ಯಾಲಿ ಆಗದಿದ್ದರೆ ಬಿಟ್ಟು ಮುಂದೆ ಹೋಗು

ಸುಮಾ, ನಮ್ಮ ಮನೆಯವರ ಗ್ರೂಪ್‌ನಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ಟೈಪ್ ಮಾಡುವಷ್ಟು ತಾಳ್ಮೆ ನನಗಿಲ್ಲ, ಮಾತಾಡಿಯೇ ಹೇಳುತ್ತೇನೆ. ಉದ್ದ ಆಯ್ತು ಅಂತ ಯಾರೂ ಅರ್ಧಕ್ಕೆ ನಿಲ್ಲಿಸಬೇಡಿ. ಅನನ್ಯಾಗೆ ಸಿಎ ಇಂಟರ್, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಎರಡನೇ ಹಂತದ ಪರೀಕ್ಷೆಯ ಪಾಠ ಎಲ್ಲಾ ಬರುತ್ತದೆ, ಆದರೆ ಮಾಕ್ ಟೆಸ್ಟ್ ಬರೆದಾಗಲೆಲ್ಲ ಟೈಮ್ ಸಾಲದೆ ಕೊನೆಯ ಪ್ರಶ್ನೆ ಉಳಿದುಬಿಡುತ್ತದೆ, ಏನು ಮಾಡಲಿ ಅಕ್ಕಾ ಅಂತ ಕೇಳಿದ್ದೀಯ. ಬರೆಯುವ ಕೈ ನಿಧಾನ ಅಂತ ನಿನ್ನ ಅನುಮಾನ. ಕೈ ಅಲ್ಲ ಕಣೇ. ಅವಳು ಅಪ್ಪನ ಮೊಮ್ಮಗಳು. ಒಂದು ಲೆಕ್ಕ ಹಿಡಿದರೆ ಅದು ಸರಿಹೋಗುವ ತನಕ ಬಿಡುವವಳಲ್ಲ. ಅಪ್ಪ ಹೇಗಿದ್ದರು ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು, ನಾನೇನು ಹೇಳುವುದು.

ಅನನ್ಯಾ, ನೀನೂ ಕೇಳಿಸಿಕೋ. ನಾನು ಆರ್ಟಿಕಲ್‌ಶಿಪ್, ಅಂದರೆ ಒಬ್ಬ ಸಿಎ ಕೈಕೆಳಗೆ ತರಬೇತಿ, ಮಾಡುವಾಗ ನಮ್ಮ ಜೊತೆ ಒಬ್ಬ ಹುಡುಗ ಇದ್ದ. ಹೆಸರು ಬೇಡ, ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ. ಲೆಕ್ಕದಲ್ಲಿ ಅವನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಯಾವ ಕ್ಲೈಂಟ್‌ನ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದರೂ, ಅಂದರೆ ಎಲ್ಲಾ ಖಾತೆಗಳ ಪಟ್ಟಿಯಲ್ಲಿ ಡೆಬಿಟ್ ಮೊತ್ತ, ಕ್ರೆಡಿಟ್ ಮೊತ್ತ ಸಮ ಬರದಿದ್ದರೂ, ಎಲ್ಲರೂ ಅವನ ಟೇಬಲ್‌ಗೇ ಹೋಗುತ್ತಿದ್ದೆವು. ಮೊದಲು ವ್ಯತ್ಯಾಸವನ್ನು ಅರ್ಧ ಮಾಡುತ್ತಿದ್ದ. ಆ ಅರ್ಧದ ಮೊತ್ತ ಡೆಬಿಟ್‌ಗೆ ಹೋಗುವ ಬದಲು ಕ್ರೆಡಿಟ್‌ಗೆ ಹೋಗಿದೆಯಾ ಅಂತ ಹುಡುಕುತ್ತಿದ್ದ. ಆಗಲಿಲ್ಲವೋ, 9ರಿಂದ ಭಾಗಿಸಿ ನೋಡುತ್ತಿದ್ದ. ಪೂರ್ತಿ ಭಾಗವಾದರೆ ಯಾರೋ 54 ಬರೆಯುವ ಕಡೆ 45 ಬರೆದಿರಬಹುದು ಅಂತ ಲೆಕ್ಕ. ಸಿಕ್ಕಿಬಿಡುತ್ತಿತ್ತು! ನಮಗೆ ತರಬೇತಿ ಕೊಡುತ್ತಿದ್ದ ಸಿಎ, ನಮ್ಮ ಪ್ರಿನ್ಸಿಪಾಲ್ ಕೂಡ ಅವನನ್ನು ಕಂಡರೆ ಖುಷಿಪಡುತ್ತಿದ್ದರು.

ಅಕೌಂಟ್ಸ್ ಪೇಪರ್ ದಿನ ಅವನು ನನ್ನ ಪಕ್ಕದ ಸಾಲಿನಲ್ಲಿ ಕೂತಿದ್ದ. ಎರಡು ಕಂಪನಿ ಸೇರಿಸುವ ಅಮಾಲ್ಗಮೇಷನ್ ಲೆಕ್ಕ ಬಂದಿತ್ತು. ಅವನದು ಟ್ಯಾಲಿ ಆಗಲಿಲ್ಲ. ಅರ್ಧ ಮಾಡಿದ, 9ರಿಂದ ಭಾಗಿಸಿದ, ಮೊತ್ತ ಹೇಗೆ ಬಂತು ಅಂತ ತೋರಿಸುವ ವರ್ಕಿಂಗ್ ನೋಟ್ಸ್ ಎಲ್ಲಾ ಹೊಡೆದು ಮತ್ತೆ ಬರೆದ. ನಾನು ಅಡಿಷನಲ್ ಶೀಟ್ ಕೇಳಲು ತಲೆ ಎತ್ತಿದಾಗಲೆಲ್ಲ ಅವನು ಅದೇ ಪುಟದಲ್ಲೇ ಇದ್ದ. ಗಂಟೆ ಹೊಡೆದಾಗ ಎರಡು ಪ್ರಶ್ನೆ ಮುಟ್ಟಿರಲೇ ಇಲ್ಲ. ಎರಡೂ ಅವನಿಗೆ ಬರುವಂಥವೇ. ಹೊರಗೆ ಬಂದು ಮೆಟ್ಟಿಲಿಳಿಯುತ್ತಾ, 'ಡಿಬೆಂಚರ್ ಬಡ್ಡಿ ಎರಡು ಸಲ ಕಳೆದಿದ್ದೆ' ಅಂದ. ಆಗ ಸಿಕ್ಕರೆ ಏನು ಬಂತು?

ಆ ಒಂದು ಪೇಪರ್‌ನಿಂದ ಇಡೀ ಗ್ರೂಪ್, ಅಂದರೆ ಜೊತೆಗೆ ಪಾಸಾಗಬೇಕಾದ ಪೇಪರ್‌ಗಳ ಗುಂಪೇ, ಹೋಯಿತು. ಪ್ರತಿ ಪೇಪರ್‌ಗೂ 40 ಬರಬೇಕು, ಗ್ರೂಪ್‌ಗೆ ಒಟ್ಟು ಶೇಕಡಾ 50 ಬರಬೇಕು, ಗೊತ್ತಲ್ವಾ. ಈಗಿನ ಹಾಗೆ ಜನವರಿ, ಮೇ, ಸೆಪ್ಟೆಂಬರ್ ಅಂತ ವರ್ಷಕ್ಕೆ 3 ಸಲ ಆಗ ಇರಲಿಲ್ಲ. ಮೇ ಬಿಟ್ಟರೆ ನವೆಂಬರ್.

ಅದಕ್ಕೇ ಹೇಳುತ್ತಿದ್ದೇನೆ. ಟ್ಯಾಲಿ ಆಗದಿದ್ದರೆ ಬಿಟ್ಟು ಮುಂದೆ ಹೋಗು. ಆಫೀಸಿನಲ್ಲಿ ಟ್ಯಾಲಿ ಮಾಡದೆ ಏಳುವಂತಿಲ್ಲ, ನಿಜ. ಪರೀಕ್ಷೆಯಲ್ಲಿ ಹಾಗಲ್ಲ. ಅಲ್ಲಿ ಮಾರ್ಕ್ಸ್ ಇರುವುದು ಹಂತಹಂತಕ್ಕೆ, ವರ್ಕಿಂಗ್ ನೋಟ್ಸ್‌ಗೆ. ವರ್ಕಿಂಗ್ ನೋಟ್ಸ್ ಉತ್ತರದ ಭಾಗವಾಗಿರಬೇಕು ಅಂತ ಪ್ರಶ್ನೆಪತ್ರಿಕೆಯ ಮೇಲೇ ಅಚ್ಚು ಹಾಕಿರುತ್ತಾರೆ. ಯಾರೂ ಓದುವುದಿಲ್ಲ. ಕೊನೆಯ ಎರಡು ಮೊತ್ತ ಹೊಂದದಿದ್ದರೆ ಹೋಗುವುದು ಸ್ವಲ್ಪ. ಮುಟ್ಟದೆ ಬಿಟ್ಟ ಪ್ರಶ್ನೆಗೆ ಹೋಗುವುದು ಪೂರ್ತಿ 14 ಮಾರ್ಕ್ಸ್. ಜಾಣರೇ ಇಲ್ಲಿ ಜಾಸ್ತಿ ಸಿಕ್ಕಿಬೀಳುವುದು. ಲೆಕ್ಕ ಬಾರದವರು ಮೊದಲೇ ಬಿಟ್ಟು ಮುಂದೆ ಹೋಗಿರುತ್ತಾರೆ!

ಸುಮಾ, ನೀನು ಅವಳಿಗೆ ಇನ್ನೊಂದು ಸಲ ಹೇಳು, ನನ್ನ ಮಾತು ಅಂತಲೇ ಹೇಳು. ಟ್ಯಾಲಿ ಆಗಲಿಲ್ಲವಾ, ಬಿಟ್ಟು ಮುಂದೆ ಹೋಗಬೇಕು. ಅಲ್ಲೇ ಕೂರಬಾರದು.

ಟೈಮ್ ವಿಷಯ ಬಂತಲ್ಲ, ಒಂದು ಮಾತು ಹೇಳಿಯೇಬಿಡುತ್ತೇನೆ. ಮನೆಯವರ ಈ ಗ್ರೂಪ್‌ನಲ್ಲಿ ಇರುವವರಿಗೆ ನನ್ನ ನೆನಪಾಗುವುದು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವ ಜುಲೈ ಕೊನೆಯ ವಾರದಲ್ಲಿ ಮಾತ್ರ. ಸಂಬಳ, ಹಿಡಿದ ಟ್ಯಾಕ್ಸ್ ತೋರಿಸಿ ಆಫೀಸಿನವರು ಕೊಡುವ ಫಾರ್ಮ್ 16 ಜೂನ್‌ನಲ್ಲೇ ಕೈಗೆ ಬಂದಿರುತ್ತದೆ. ಒಂದು ತಿಂಗಳು ಅದು ಎಲ್ಲಿತ್ತೋ ದೇವರೇ ಬಲ್ಲ. ಕೊನೆಯ ದಿನ ರಾತ್ರಿ ಅದರ ಫೋಟೋ ಬರುತ್ತದೆ, ಅದೂ ಅಡ್ಡಡ್ಡ, ಒಂದು ಮೂಲೆ ಕತ್ತರಿಸಿ ಹೋಗಿರುತ್ತದೆ. ಜೊತೆಗೆ 'ಅಕ್ಕಾ, ಒಂದೈದು ನಿಮಿಷದ ಕೆಲಸ' ಅಂತ ಒಂದು ಸಾಲು. ಎಫ್‌ಡಿ ಬಡ್ಡಿ ಎಷ್ಟು ಅಂದರೆ ಉತ್ತರ ಇಲ್ಲ. ಟ್ಯಾಕ್ಸ್ ಇಲಾಖೆಯ ಹತ್ತಿರ ಇರುವ ವರ್ಷದ ವ್ಯವಹಾರದ ಪಟ್ಟಿ, ಎಐಎಸ್‌ನಲ್ಲಿ ನೋಡಿದರೆ ಶೇರು ಮಾರಿದ್ದೆಲ್ಲಾ ಕಾಣುತ್ತದೆ, ಕೇಳಿದರೆ 'ಓ, ಅದೂ ಹೇಳಬೇಕಾ?' ಅನ್ನುತ್ತಾರೆ. ಫೀಸು ಬೇಡ, ಮನೆಯವರ ಹತ್ತಿರ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ರಿಫಂಡ್ ಬಂದ ದಿನ ಒಂದು ಮೆಸೇಜಾದರೂ ಹಾಕಬಹುದಲ್ವಾ? ಕಡಿಮೆ ಬಂತು ಅಂತ ಮಾತ್ರ ತಪ್ಪದೆ ಹಾಕುತ್ತಾರೆ. ಯಾರು ಅಂತ ಹೇಳುವುದಿಲ್ಲ. ಅವರಿಗೆ ಗೊತ್ತು.

ಇರಲಿ. ಏನು ಹೇಳುತ್ತಿದ್ದೆ... ಹಾಂ, ಟೈಮ್. ಅನನ್ಯಾ, ಪೆನ್ನು ತಗೋ, ಇದನ್ನು ಬರೆದುಕೋ. 100 ಮಾರ್ಕ್ಸ್‌ಗೆ 180 ನಿಮಿಷ. ಅಂದರೆ ಒಂದು ಮಾರ್ಕ್‌ಗೆ 2 ನಿಮಿಷವೂ ಇಲ್ಲ, 1.8. ಹೀಗಾಗಿ 14 ಮಾರ್ಕ್ಸ್‌ನ ಪ್ರಶ್ನೆಗೆ 25 ನಿಮಿಷ, ಐದು ಪ್ರಶ್ನೆಗೆ 125. 30 ಮಾರ್ಕ್ಸ್‌ನ ಎಂಸಿಕ್ಯೂಗಳನ್ನು, ಅಂದರೆ ಸರಿ ಉತ್ತರ ಆರಿಸುವ ಪ್ರಶ್ನೆಗಳನ್ನು, 45 ನಿಮಿಷದಲ್ಲಿ ಮುಗಿಸು. ಇಂಟರ್‌ನಲ್ಲಿ ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡ. ಇನ್ನು ಉಳಿದದ್ದು 10 ನಿಮಿಷ. ಬಿಟ್ಟುಬಂದ ಲೆಕ್ಕಕ್ಕೆ ವಾಪಸ್ ಹೋಗುವುದು ಆಗ, ಅದಕ್ಕೆ ಮೊದಲು ಬೇಡ. ಬಿಡುವಾಗ ಕೆಳಗೆ ಸ್ವಲ್ಪ ಜಾಗ ಬಿಟ್ಟಿರು.

ಬರೆಯುವ ಮುಂಚೆ 15 ನಿಮಿಷ ಓದಲು ಕೊಡುತ್ತಾರೆ, ಮಧ್ಯಾಹ್ನ 1:45ರಿಂದ 2ರವರೆಗೆ. ಆಗ ಸುಮ್ನೆ ಮೇಲಿಂದ ಕೆಳಗೆ ಓದುತ್ತಾ ಕೂರಬೇಡ. ಮೊದಲ ಪ್ರಶ್ನೆ ಕಡ್ಡಾಯ, ಉಳಿದ ಐದರಲ್ಲಿ ನಾಲ್ಕು. ಯಾವುದನ್ನು ಬಿಡುವುದು ಅಂತ ಆಗಲೇ ತೀರ್ಮಾನ ಮಾಡು. ಐದೂ ಬರೆಯೋಣ, ಒಳ್ಳೆಯ ನಾಲ್ಕನ್ನು ಅವರೇ ಎಣಿಸಿಕೊಳ್ಳಲಿ ಅನ್ನುವ ಆಸೆ ಬೇಡ. ಮೊದಲು ಬರೆದ ನಾಲ್ಕನ್ನೇ ನೋಡುತ್ತಾರೆ, ಜಾಸ್ತಿ ಬರೆದದ್ದು ಲೆಕ್ಕಕ್ಕಿಲ್ಲ. ಸ್ಮಾರ್ಟ್‌ವಾಚ್ ಒಳಗೆ ಬಿಡುವುದಿಲ್ಲ, ಅಡ್ಮಿಟ್ ಕಾರ್ಡ್ ಮೇಲಿನ ಸೂಚನೆ ಪೂರ್ತಿ ಓದು.

ಸುಮಾ, ಇನ್ನೊಂದು. ಅವಳು ಮಾಕ್ ಟೆಸ್ಟ್ ಬರೆಯುವುದು ರಾತ್ರಿ ಹತ್ತಕ್ಕೆ ಅಂದೆಯಲ್ಲ, ಅದನ್ನು ನಿಲ್ಲಿಸು. ಪರೀಕ್ಷೆ ಇರುವುದು ಮಧ್ಯಾಹ್ನ 2ರಿಂದ 5. ಊಟ ಮಾಡಿ ಕಣ್ಣು ಎಳೆಯುವ ಹೊತ್ತು. ಈ ಭಾನುವಾರ ಅದೇ ಹೊತ್ತಿಗೆ ಕೂರಿಸು, ಫೋನ್ ನಿನ್ನ ಹತ್ತಿರ ಇರಲಿ. ಪ್ರತಿ ಉತ್ತರದ ಪಕ್ಕ ಶುರು ಮಾಡಿದ್ದೆಷ್ಟು ಗಂಟೆಗೆ, ಬಿಟ್ಟಿದ್ದೆಷ್ಟು ಗಂಟೆಗೆ ಅಂತ ಬರೆಯಲಿ. ಆ ಹಾಳೆಗಳನ್ನು ಸಂಜೆ ನನಗೆ ಕಳಿಸು. ಮಾರ್ಕ್ಸ್ ಎಷ್ಟು ಬಂತು ಅಂತ ಹೇಳಬೇಡ, ನನಗೆ ಆ ಗಂಟೆಗಳಷ್ಟೇ ಸಾಕು.